ಸಾಮಾನ್ಯನಾಗಿ ಬದುಕೋದು ಸೋಲೇ?

ಪ್ರಶ್ನೆ: ನನಗೀಗ 44 ವರ್ಷ. ಶಿರಸಿ ತಾಲೂಕಿನ ಹಳ್ಳಿಯವನು. ಎಸ್ಸೆಸ್ಸೆಲ್ಸಿಯಲ್ಲಿ ತಾಲೂಕಿಗೇ ಮೊದಲಿಗನಾಗಿದ್ದೆ. ಎರಡು ಮೂರು ಕಡೆ ಪ್ರತಿಭಾ ಪುರಸ್ಕಾರ ಆಯಿತು. ‘ಈ ಮಾಣಿ ದೊಡ್ಡ ಜನ ಆಗ್ತ ನೋಡು’ ಅಂತ ಊರೆಲ್ಲ ಹೇಳುತ್ತಿತ್ತು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಊಟ-ಬಟ್ಟೆಗೆ ತೊಂದರೆ ಇಲ್ಲ.

ಕಳೆದ ಮಾರಿಕಾಂಬಾ ಜಾತ್ರೆಯಲ್ಲಿ ಅಮೆರಿಕದಿಂದ ಬಂದಿದ್ದ ಸಹಪಾಠಿಯೊಬ್ಬ ಬಿಡಕಿಬೈಲಿನಲ್ಲಿ ಎದುರಿಗೆ ಬರುತ್ತಿದ್ದ. ನಾನು ಪಕ್ಕದ ಬಳೆ ಅಂಗಡಿಗೆ ನುಗ್ಗಿ, ಅವನು ದಾಟಿ ಹೋಗುವವರೆಗೆ ಬೇಡದ ಬಳೆ ಆರಿಸುತ್ತ ನಿಂತೆ. ಹೆಂಡತಿ, ಮಗಳು ನೋಡುತ್ತಿದ್ದರು. ತಾಳಮದ್ದಲೆಯಲ್ಲಿ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ಕೂಟದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದೆ. ಎರಡು ವರ್ಷದ ಹಿಂದೆ ಕೃಷ್ಣನ ಅರ್ಥವನ್ನು ಬೇರೆಯವರಿಗೆ ಕೊಟ್ಟು ನನಗೆ ವಿದುರನದ್ದು ಕೊಟ್ಟರು. ಅಲ್ಲಿಂದ ಕೂಟಕ್ಕೆ ಹೋಗಿಲ್ಲ. ಮನೆಯಲ್ಲಿ ಸಣ್ಣ ಸಣ್ಣದಕ್ಕೂ ತಪ್ಪು ಹುಡುಕುತ್ತೇನಂತೆ. ‘ನಿಮಗೆ ಅಹಂಕಾರ’ ಅನ್ನುತ್ತಾಳೆ ಹೆಂಡತಿ. ನಾನು ಯಾರ ಎದುರೂ ಜಂಬ ಕೊಚ್ಚಿದವನಲ್ಲ. ನನಗಿರುವುದು ಕೀಳರಿಮೆ. ಅದು ಅಹಂಕಾರ ಹೇಗಾದೀತು? ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋದರೆ ಸರಿಯಾಗುತ್ತದಾ? ತೋಟ ಅಡ ಇಟ್ಟು ಸ್ವಂತದ್ದೇನಾದರೂ ಶುರುಮಾಡಿ ತೋರಿಸಿಯೇ ಬಿಡೋಣ ಅಂತಲೂ ಅನಿಸುತ್ತದೆ. ನಾನೊಬ್ಬ ಸಾಮಾನ್ಯ ಮನುಷ್ಯ ಅಂತ ಒಪ್ಪಿಕೊಂಡರೆ ಸೋತ ಹಾಗಲ್ವಾ? ಮಗಳು ಈ ವರ್ಷ ಹತ್ತನೇ ತರಗತಿ. ಅವಳಿಗೂ ಇದೇ ಅಂಟೀತು ಅಂತ ಹೆದರಿಕೆ.

ಉತ್ತರ: ನಿಮ್ಮ ಹೆಂಡತಿ ಹೇಳಿದ್ದೂ ಸರಿ, ನೀವು ಹೇಳಿದ್ದೂ ಸರಿ.

ಅಹಂಕಾರ ಅಂದ ಕೂಡಲೇ ಮೀಸೆ ತಿರುವಿಕೊಂಡು ಓಡಾಡುವವನು ಕಣ್ಣ ಮುಂದೆ ಬರುತ್ತಾನೆ. ನೀವು ಆ ಪೈಕಿ ಅಲ್ಲ. ಆದರೆ ಅದು ಅಹಂಕಾರದ ಒಂದು ಮುಖ ಮಾತ್ರ. ಅದರ ಬೇರು ಇರುವುದು ಅಳೆದುಕೊಳ್ಳುವ ಚಟದಲ್ಲಿ. ಯಾರು ಎದುರಾದರೂ ‘ಇವನ ಮುಂದೆ ನಾನೆಷ್ಟು’ ಅಂತ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಲೆಕ್ಕದಲ್ಲಿ ಹೆಚ್ಚು ಬಂದವನು ಬೀಗುತ್ತಾನೆ, ಕಡಿಮೆ ಬಂದವನು ಕುಗ್ಗುತ್ತಾನೆ. ನೀವು ಲೆಕ್ಕದ ಕೆಲಸದವರು, ಹಾಗಾಗಿ ಹೀಗೆ ಹೇಳಬಹುದು: ಒಂದು ಜಮೆ, ಇನ್ನೊಂದು ಖರ್ಚು, ಖಾತೆ ಮಾತ್ರ ಒಂದೇ.

ಕೀಳರಿಮೆ ಇದ್ದವನಿಗೆ ಅಹಂಕಾರ ಇರೋದಿಲ್ಲ ಅನ್ನುವುದು ಜನರಲ್ಲಿ ಬಹಳ ಬೇರೂರಿರುವ ತಪ್ಪು ತಿಳಿವಳಿಕೆ. ನನ್ನ ಹತ್ತಿರ ಬರುವವರಲ್ಲಿ ಇವೆರಡೂ ಜೊತೆಜೊತೆಗೇ ಇರುತ್ತವೆ. ನಿಮ್ಮ ತಾಳಮದ್ದಲೆಯದ್ದೇ ನೋಡಿ. ಬರೀ ಕೀಳರಿಮೆ ಇದ್ದಿದ್ದರೆ ‘ನನಗೆ ವಿದುರನಾದರೂ ಸಿಕ್ಕಿತಲ್ಲ’ ಅಂತ ಕೂತು ಅರ್ಥ ಹೇಳುತ್ತಿದ್ದಿರಿ. ಎದ್ದು ಬಂದಿರಿ ಅಂದರೆ ‘ನಾನು ಕೃಷ್ಣನೇ ಆಗಬೇಕಾದವನು’ ಅನ್ನುವ ಮಾತೂ ಒಳಗಿತ್ತು. ಇದನ್ನು ನಿಮ್ಮನ್ನು ಚುಚ್ಚಲಿಕ್ಕೆ ಹೇಳುತ್ತಿಲ್ಲ. ಇದು ಕಂಡರೆ ಮುಂದಿನ ಕೆಲಸ ಸಲೀಸು, ಅದಕ್ಕೆ ಹೇಳಿದೆ.

ಇದು ನಿಮ್ಮೊಬ್ಬರ ಕಾಯಿಲೆಯೇನಲ್ಲ. 1981ರಲ್ಲಿ ಓಲಾ ಸ್ವೆನ್ಸನ್ ಅನ್ನುವ ಸಂಶೋಧಕರು ಗಾಡಿ ಓಡಿಸುವವರನ್ನು ಕೇಳಿದ್ದರು: ನಿಮ್ಮ ಡ್ರೈವಿಂಗ್ ಉಳಿದವರಿಗೆ ಹೋಲಿಸಿದರೆ ಹೇಗೆ? ಅಮೆರಿಕದವರ ಗುಂಪಿನಲ್ಲಿ ನೂರಕ್ಕೆ 93 ಜನ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದರು. ಅರ್ಧದಲ್ಲಿ 93 ಜನ ಹಿಡಿಯಲಾರರು ಅಲ್ವಾ? ‘ನಾನು ಮಧ್ಯದವನು’ ಅನ್ನೋದು ಮನುಷ್ಯನಿಗೆ ಸುಲಭಕ್ಕೆ ಒಗ್ಗುವ ಮಾತಲ್ಲ. ನಿಮಗೆ ಅದು ಜಾಸ್ತಿ ಕಷ್ಟ ಆಗಿರುವುದಕ್ಕೆ ಕಾರಣಗಳಿವೆ.

ಮೊದಲನೆಯದು ಆ ಪ್ರತಿಭಾ ಪುರಸ್ಕಾರ. ಹದಿನೈದು-ಹದಿನಾರರ ಹುಡುಗನ ಕೊರಳಿಗೆ ಹಾರ, ಹೆಗಲಿಗೆ ಶಾಲು, ಕೈಯಲ್ಲಿ ಫಲಕ. ಕೊಡುವವರ ಪ್ರೀತಿಯಲ್ಲಿ ಕೊರತೆ ಇಲ್ಲ. ಆದರೆ ಅಲ್ಲಿ ಹುಡುಗನ ಓದಿಗಿಂತ ಹುಡುಗನಿಗೇ ಬೆಲೆ ಕಟ್ಟಿದ ಹಾಗೆ ಆಗುತ್ತದೆ. ‘ಚೆನ್ನಾಗಿ ಓದಿದೆ’ ಅನ್ನುವುದು ಬೇರೆ, ‘ನೀನು ಎಲ್ಲರ ಹಾಗಲ್ಲ’ ಅನ್ನುವುದು ಬೇರೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಇದನ್ನೇ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದರು. ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕ ಕೊಟ್ಟು, ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಇನ್ನು ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದ್ದೀಯ’ ಅಂದರು. ಆಮೇಲೆ ಬೇಕಂತಲೇ ಕಷ್ಟದ್ದು ಕೊಟ್ಟು ಎಲ್ಲರೂ ಎಡವುವ ಹಾಗೆ ಮಾಡಿದರು. ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳು ಮುಂದಿನ ಸುಲಭದ ಲೆಕ್ಕದಲ್ಲೂ ಹಿಂದೆ ಬಿದ್ದರು. ಕೊನೆಗೆ, ಬೇರೆ ಶಾಲೆಯ ಗುರುತಿಲ್ಲದ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಲು ಹೇಳಿದಾಗ ಆ ಗುಂಪಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಮಕ್ಕಳು ಇಲ್ಲದ ಅಂಕ ಸೇರಿಸಿ ಬರೆದರು. ಹೆಸರು ಗೊತ್ತಿಲ್ಲದ ಮಗುವಿನ ಎದುರಿಗೂ ಸಾಮಾನ್ಯರಾಗಿ ಕಾಣಿಸಿಕೊಳ್ಳಲು ಅವರಿಗೆ ಆಗಲಿಲ್ಲ. ನೀವು ಬಳೆ ಅಂಗಡಿಗೆ ನುಗ್ಗಿದ್ದನ್ನು ಓದುವಾಗ ನನಗೆ ಆ ಮಕ್ಕಳೇ ನೆನಪಾದರು.

ಆಮೇಲೆ ಗುಂಪು ಬದಲಾಗುತ್ತದೆ. ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಹೇಳಿದ ಮಾತಿದು: ನಮ್ಮ ಯೋಗ್ಯತೆ ಅಳೆಯಲು ಬೇರೆ ಅಳತೆಗೋಲು ಇಲ್ಲದಾಗ ನಾವು ಅಕ್ಕಪಕ್ಕದವರನ್ನು ನೋಡುತ್ತೇವೆ, ಅದರಲ್ಲೂ ನಮ್ಮಂಥವರನ್ನೇ. ಹಳ್ಳಿ ಶಾಲೆಯಲ್ಲಿ ನೀವೊಬ್ಬರೇ ಮೊದಲು. ಎಂಜಿನಿಯರಿಂಗ್ ಕಾಲೇಜಿನ ಬೆಂಚಿನಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ತಾಲೂಕಿನ ಮೊದಲಿಗರು. ನಿಮ್ಮ ಬುದ್ಧಿ ಒಂದು ಗುಲಗಂಜಿ ತೂಕವೂ ಕಡಿಮೆ ಆಗಿರಲಿಲ್ಲ, ಆದರೂ ನೀವು ಸಾಮಾನ್ಯ ಆಗಿಬಿಟ್ಟಿರಿ. ಈಗ ಸಹಪಾಠಿಗಳ ವಾಟ್ಸ್ಯಾಪ್ ಗುಂಪು ಬೇರೆ. ಅಲ್ಲಿ ಹೊಸ ಮನೆ, ಹೊಸ ಕಾರು ಬರುತ್ತವೆ. ಸಾಲದ ಕಂತು, ಕೆಲಸದಿಂದ ತೆಗೆಯುತ್ತಾರೇನೋ ಅನ್ನುವ ಭಯ, ಊರಲ್ಲಿ ಒಂಟಿಯಾಗಿರುವ ಅಮ್ಮನ ಚಿಂತೆ ಬರೋದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಘಟ್ಟದ ಮೇಲಿರಲಿ, ಕರಾವಳಿ ಇರಲಿ, ಓದಿದವರು ಹೊರಗೆ ಹೋಗೋದೇ ವಾಡಿಕೆ. ಹೋದವರು ಗೆದ್ದವರು, ಊರಲ್ಲಿದ್ದವರು ಮಿಕ್ಕವರು ಅನ್ನುವ ಲೆಕ್ಕಾಚಾರ ಸುಮ್ನೆ ನಮ್ಮ ಮಾತಿನಲ್ಲಿ ಸೇರಿಕೊಂಡಿದೆ. ತೋಟ ಇದ್ದರೂ ಊರಲ್ಲಿರುವ ಹುಡುಗನಿಗೆ ಹೆಣ್ಣು ಸಿಗೋದು ಕಷ್ಟ ಅನ್ನುವುದನ್ನು ನೀವೂ ನೋಡಿದ್ದೀರಿ. ನೀವು ನಿಮ್ಮ ವೈಯಕ್ತಿಕ ಸೋಲು ಅಂದುಕೊಂಡಿರುವುದರಲ್ಲಿ ಎಷ್ಟೋ ಪಾಲು ಊರೇ ಕಟ್ಟಿದ ಬೆಲೆ. ಅಪ್ಪನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಔಷಧಿ ಕೊಟ್ಟು ನೋಡಿಕೊಂಡ ವರ್ಷಗಳಿಗೆ ಆ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ.

ಇಲ್ಲಿ ಒಂದು ವಿಷಯ ಬೇರೆ ಮಾಡಿ ಹೇಳಲೇಬೇಕು. ನಿಮ್ಮ ನೋವೆಲ್ಲ ಅಹಂಕಾರದ್ದಲ್ಲ. ನೀವು ಇಷ್ಟಪಟ್ಟ ಕೆಲಸ ಬಿಟ್ಟು ಬಂದಿರಿ. ಅದು ನಿಜವಾದ ನಷ್ಟ. ಆಗ ಅಳಲು ಪುರುಸೊತ್ತೇ ಇರಲಿಲ್ಲ, ಆಸ್ಪತ್ರೆ ಓಡಾಟವೇ ಆಯಿತು. ಹಾಗೆ ಒಳಗೇ ಉಳಿದ ದುಃಖ ಎಷ್ಟೋ ಸಲ ಹೊಟ್ಟೆಕಿಚ್ಚಿನ ವೇಷದಲ್ಲಿ, ಮನೆಯಲ್ಲಿ ಸಿಡುಕಿನ ವೇಷದಲ್ಲಿ ಹೊರಬರುತ್ತದೆ. ‘ನನಗೆ ಆ ಕೆಲಸ ಬಹಳ ಇಷ್ಟ ಇತ್ತು, ಹೋಯಿತು, ಬೇಜಾರಾಗಿದೆ’ ಅಂತ ಒಮ್ಮೆ ಬಾಯಿಬಿಟ್ಟು ಹೆಂಡತಿ ಎದುರು ಹೇಳಿ. ದುಃಖ ಪಡಲಿಕ್ಕೆ ಅಹಂಕಾರ ಬೇಕಿಲ್ಲ, ಸಣ್ಣವನಾಗಿಬಿಟ್ಟೆ ಅಂದುಕೊಳ್ಳಬೇಕಾಗಿಯೂ ಇಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಸಾಮಾನ್ಯ ಅಂತ ಒಪ್ಪಿಕೊಂಡರೆ ಸೋತ ಹಾಗಾ? ಒಪ್ಪಿಕೊಂಡವರು ಕೈ ಕಟ್ಟಿ ಕೂರುತ್ತಾರೆ ಅನ್ನುವ ಭಯ ಎಲ್ಲರಿಗೂ ಇದೆ. ನಾನು ನೋಡಿದ್ದು ತಿರುವುಮುರುವು. ಕೈ ಕಟ್ಟಿ ಕೂತವರು ನೀವು, ಅದೂ ಒಪ್ಪಿಕೊಳ್ಳದ ಕಾರಣಕ್ಕೆ. ಕೃಷ್ಣ ಸಿಗದಿದ್ದರೆ ಕೂಟವೇ ಬೇಡ, ದೊಡ್ಡ ಕೆಲಸ ಇಲ್ಲದಿದ್ದರೆ ಗೆಳೆಯರೇ ಬೇಡ ಅಂತ ಒಂದೊಂದಾಗಿ ಬಿಟ್ಟಿರಿ. ಇಷ್ಟದ ಕೆಲಸವನ್ನು ಸುಮಾರಾಗಿ ಮಾಡುವುದಕ್ಕೂ ಒಪ್ಪುವವನು ಅದನ್ನು ಅರವತ್ತು ವರ್ಷದವರೆಗೆ ಮಾಡುತ್ತಾನೆ, ಮಾಡುತ್ತ ಮಾಡುತ್ತ ಚೆನ್ನಾಗಿಯೂ ಮಾಡಬಹುದು.

ಕಾರವಾರದಲ್ಲಿ ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಸರ್ಕಾರಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಜೀಪು, ಚಾಲಕ, ಎದ್ದು ನಿಲ್ಲುವ ಜನ ಎಲ್ಲ ಒಂದೇ ದಿನ ಹೋಯಿತು. ಟ್ಯಾಗೋರ್ ಕಡಲತೀರದಲ್ಲಿ ವಾಕಿಂಗ್‌ಗೆ ಕತ್ತಲಿರುವಾಗಲೇ ಹೋಗಿ ಬರುತ್ತಿದ್ದರು, ಯಾರೂ ನೋಡಬಾರದು ಅಂತ. ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೆ ಜಗಳ. ಅವರಿಗೆ ನಾನು ಉಪದೇಶ ಮಾಡಲಿಲ್ಲ. ಮನೆಗೆ ಮೀನು ತರುವ ಕೆಲಸ ನೀವೇ ವಹಿಸಿಕೊಳ್ಳಿ ಅಂದೆ, ಅಷ್ಟೇ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸರಿಗೆ ಅವರು ಯಾರಾಗಿದ್ದರು ಅಂತ ಗೊತ್ತಿಲ್ಲ, ಗೊತ್ತಿದ್ದರೂ ಲಕ್ಷ್ಯ ಇಲ್ಲ. ಮೊದಲ ವಾರ ಹಳೇ ಬಂಗುಡೆ ತಂದು ಮನೆಯಲ್ಲಿ ಬೈಸಿಕೊಂಡರು. ಆಮೇಲೆ ಒಬ್ಬಳು ಮುದುಕಿ ಅವರ ಕೈ ಹಿಡಿದೇ ತೋರಿಸಿದಳಂತೆ: ಕಿವಿರು ಎತ್ತಿ ನೋಡು, ಕೆಂಪಿರಬೇಕು. ಬೆರಳಲ್ಲಿ ಒತ್ತು, ಗುಳಿ ಬಿದ್ದು ಹಾಗೇ ಉಳಿದರೆ ಬೇಡ. ಆರು ತಿಂಗಳ ಮೇಲೆ ಬಂದಾಗ ಅವರು ಮಾತಾಡಿದ್ದು ಬರೀ ಮೀನಿನ ವಿಷಯ. ತಮ್ಮ ಬಗ್ಗೆ ಮಾತಾಡಲು ಮರೆತೇ ಹೋಗಿತ್ತು. ಅಹಂಕಾರ ಬಿಡುವುದು ಅಂದರೆ ಬಹುಪಾಲು ಇಷ್ಟೇ. ಕಿತ್ತು ಎಸೆಯಲು ಹೊರಟರೆ ಅದರ ಮೇಲೇ ಗಮನ ಇನ್ನೂ ಜಾಸ್ತಿ ಆಗುತ್ತದೆ. ಬೇರೆ ಯಾವುದರಲ್ಲಾದರೂ ಮನಸ್ಸು ನಿಜವಾಗಿ ತೊಡಗಿದರೆ ಅಳೆಯುವ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಕೂಟಕ್ಕೆ ಹೋಗಿ, ವಿದುರನ ಅರ್ಥ ಕೇಳಿ ಪಡೆಯಿರಿ. ನಿಮಗೆ ಗೊತ್ತಿರುವ ವಿಷಯವೇ, ಎದುರಿನವರು ಸರಿಯಾದ ಪ್ರಶ್ನೆ ಎತ್ತದಿದ್ದರೆ ಎಂಥ ಕೃಷ್ಣನ ಅರ್ಥವೂ ಏಳೋದಿಲ್ಲ. ಸಣ್ಣ ಪಾತ್ರದವನು ಜಾಸ್ತಿ ಹೊತ್ತು ಕೇಳಿಸಿಕೊಳ್ಳುತ್ತಾನೆ. ಭಾಗವತರ ಪದ, ಮದ್ದಲೆಯ ಪೆಟ್ಟು, ಎದುರಿನವರು ಹಿಡಿದ ಜಾಡು ಎಲ್ಲ ಕಿವಿಗೆ ಬೀಳುತ್ತದೆ. ಇದರಲ್ಲಿ ಅಪಾಯ ಎರಡು. ಮೊದಲ ಕೆಲವು ಸಲ ಮೈ ಉರಿಯುತ್ತದೆ, ಯಾರಾದರೂ ‘ಏನು, ಈಗ ವಿದುರನಾ?’ ಅಂದೇ ಅನ್ನುತ್ತಾರೆ. ‘ಹೌದು, ವಿದುರ’ ಅಂದು ಸುಮ್ಮನಾಗಿ. ಇನ್ನೊಂದು ಅಪಾಯ ನಯವಾದದ್ದು: ‘ನೋಡಿ, ನಾನೆಷ್ಟು ವಿನಯದಿಂದ ಸಣ್ಣ ಪಾತ್ರ ಮಾಡುತ್ತೇನೆ’ ಅನ್ನುವ ಹೊಸ ಹೆಮ್ಮೆ. ಅದು ಬಂದರೆ ಗಾಬರಿ ಬೀಳಬೇಡಿ. ಬಂತು ಅಂತ ಗುರುತಿಸಿ, ಮುಂದಿನ ಪದಕ್ಕೆ ಕಿವಿಗೊಡಿ.

ಧ್ಯಾನ ಶಿಬಿರದ ಬಗ್ಗೆ. ನಿದ್ದೆ, ಸಿಟ್ಟು, ಆತಂಕಕ್ಕೆ ಧ್ಯಾನದಿಂದ ಸಹಾಯ ಆಗಬಹುದು. ಮನಸ್ಸಿದ್ದರೆ ಹೋಗಿ ಬನ್ನಿ. ಆದರೆ ಹತ್ತು ದಿನಕ್ಕೆ ಅಹಂಕಾರ ಹೋಗುತ್ತದೆ ಅಂತ ಹೋಗಬೇಡಿ. ಜರ್ಮನಿಯಲ್ಲಿ ಯೋಕೆನ್ ಗೆಬಾವರ್ ಮತ್ತು ಸಂಗಡಿಗರು 93 ಯೋಗ ವಿದ್ಯಾರ್ಥಿಗಳನ್ನು 15 ವಾರ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಗ ಮಾಡಿದ ಕೂಡಲೇ ‘ನಾನು ಉಳಿದವರಿಗಿಂತ ಮೇಲು’ ಅನ್ನುವ ಭಾವ ಇಳಿಯುವ ಬದಲು ಏರಿತ್ತು. ಯೋಗದ ತಪ್ಪಲ್ಲ ಅದು. ಯಾವುದನ್ನು ಮಾಡಿದರೂ ಅದರಲ್ಲಿ ತಾನು ಮುಂದೆ ಅಂದುಕೊಳ್ಳುವುದು ಮನಸ್ಸಿನ ಸ್ವಭಾವ. ಇನ್ನೊಂದು ಎಚ್ಚರಿಕೆ: ಈಗ ಮನಸ್ಸು ತೀರಾ ಕುಗ್ಗಿದ್ದರೆ ಮಾತಿಲ್ಲದೆ ಹತ್ತು ದಿನ ಕೂರುವಂಥ ಕಠಿಣ ಶಿಬಿರ ಕೆಲವರಿಗೆ ತೊಂದರೆ ಕೊಡುತ್ತದೆ. ಮೊದಲು ವೈದ್ಯರಿಗೆ ತೋರಿಸಿಕೊಂಡು ಹೋಗಿ.

ತೋಟ ಅಡ ಇಟ್ಟು ಉದ್ಯಮ ಮಾಡುವ ಯೋಚನೆಗೆ ನನ್ನ ಉತ್ತರ ನೇರ: ಈ ಮನಸ್ಥಿತಿಯಲ್ಲಿ ಬೇಡ. ಉದ್ಯಮ ಮಾಡಬಾರದು ಅಂತಲ್ಲ. ‘ಮಾಡಿ ತೋರಿಸೋಣ’ ಅಂತ ಬರೆದಿದ್ದೀರಲ್ಲ, ಆ ‘ತೋರಿಸೋಣ’ ಭಯ ಹುಟ್ಟಿಸುತ್ತದೆ. ತೋರಿಸಲು ಶುರುಮಾಡಿದ್ದನ್ನು ನಷ್ಟ ಬಂದಾಗ ನಿಲ್ಲಿಸಲು ಆಗೋದಿಲ್ಲ. ಒಂದು ವರ್ಷ ಮಳೆ ಜಾಸ್ತಿಯಾಗಿ ಅಡಿಕೆಗೆ ಕೊಳೆರೋಗ ಬಂದರೆ ತೋಟದ ಆದಾಯವೂ ಕೈಕೊಡುತ್ತದೆ, ಸಾಲದ ಬಡ್ಡಿಗೆ ಮಳೆ ಗೊತ್ತಿಲ್ಲ. ಹೀಗೆ ಕೇಳಿಕೊಳ್ಳಿ: ಇದು ಯಾರಿಗೂ ಗೊತ್ತೇ ಆಗೋದಿಲ್ಲ ಅಂತಾದರೂ ನಾನು ಮಾಡುತ್ತಿದ್ದೆನಾ? ಹೌದು ಅಂತ ಬಂದರೆ ಉಳಿತಾಯದ ಹಣದಲ್ಲಿ ಸಣ್ಣದಾಗಿ, ಕೆಲಸ ಬಿಡದೆ ಮಾಡಿ ನೋಡಿ.

ಸಹಪಾಠಿಗಳ ವಿಷಯ. ಕೆಲವು ದಿನ ಆ ವಾಟ್ಸ್ಯಾಪ್ ಗುಂಪನ್ನು ಮ್ಯೂಟ್ ಮಾಡಿಟ್ಟರೆ ತಪ್ಪಿಲ್ಲ. ಆದರೆ ಮನುಷ್ಯರನ್ನೇ ತಪ್ಪಿಸಿಕೊಂಡು ಓಡಾಡುವುದು ಬೇರೆ. ತಪ್ಪಿಸಿದ ಆ ಕ್ಷಣ ಹಾಯೆನಿಸುತ್ತದೆ, ಹಾಗಾಗಿ ಮುಂದಿನ ಸಲ ಇನ್ನೂ ಬೇಗ ತಪ್ಪಿಸುತ್ತೇವೆ, ಭಯ ಇನ್ನೂ ಬೆಳೆಯುತ್ತದೆ. ಎಲ್ಲರೂ ನಮ್ಮನ್ನೇ ನೋಡುತ್ತಾರೆ ಅನ್ನುವುದೂ ನಾವಂದುಕೊಂಡಷ್ಟು ನಿಜ ಅಲ್ಲ. ಟಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ಹುಡುಗರಿಗೆ ಮುಜುಗರದ ಚಿತ್ರ ಇರುವ ಟೀಶರ್ಟು ತೊಡಿಸಿ ಜನ ಕೂತ ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹುಡುಗರ ಅಂದಾಜು. ನಿಜವಾಗಿ ಗಮನಿಸಿದ್ದು ಕಾಲುಭಾಗದಷ್ಟು ಜನ. ನಿಮ್ಮ ಗೆಳೆಯ ಆವತ್ತು ನಿಮ್ಮ ಸಂಬಳ ಎಣಿಸಲು ಬಂದಿರಲಿಲ್ಲ. ಒಬ್ಬ ಸಹಪಾಠಿಗೆ, ನಿಮಗೆ ಹಿತವೆನಿಸುವವನಿಗೆ, ಫೋನ್ ಮಾಡಿ. ‘ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ತೋಟ ನೋಡುತ್ತೇನೆ’ ಅಂತ ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಹಿಂದೆ ಮುಂದೆ ಕಾರಣ ಸೇರಿಸಬೇಡಿ. ಕೆಲವರು ಕನಿಕರದಿಂದ ಮಾತಾಡಬಹುದು, ಅದು ಚುಚ್ಚಬಹುದು. ಅಂಥವರ ಜೊತೆ ಮಾತು ಮುಂದುವರಿಸಲೇಬೇಕು ಅಂತೇನಿಲ್ಲ.

ಮನೆಯಲ್ಲಿ ತಪ್ಪು ಹುಡುಕುವುದು ನಿಲ್ಲಬೇಕಾದರೆ ಮೊದಲು ನಿಮ್ಮೊಳಗೆ ನಿಮ್ಮನ್ನೇ ಬೈಯುವ ದನಿ ತಗ್ಗಬೇಕು. ತನ್ನನ್ನು ಇಡೀ ದಿನ ಬೈದುಕೊಳ್ಳುವವನು ಸಂಜೆ ಮನೆಯವರನ್ನೂ ಅದೇ ದನಿಯಲ್ಲಿ ಬೈಯುತ್ತಾನೆ. ಕ್ರಿಸ್ಟಿನ್ ನೆಫ್ ಅನ್ನುವ ಮನಃಶಾಸ್ತ್ರಜ್ಞೆ 2003ರಿಂದ ಬರೆಯುತ್ತ ಬಂದಿರುವುದು ಇದನ್ನೇ: ಎಡವಿದಾಗ ಒಬ್ಬ ಗೆಳೆಯನಿಗೆ ಹೇಳುವ ಮಾತನ್ನೇ ತನಗೂ ಹೇಳಿಕೊಳ್ಳುವುದು, ಎಡವುವುದು ಎಲ್ಲ ಮನುಷ್ಯರ ಪಾಡು ಅಂತ ನೆನಪಿಟ್ಟುಕೊಳ್ಳುವುದು. ಇದು ನೆಪ ಹೇಳಿದಂತೆ ಅನಿಸಬಹುದು, ನಿಮ್ಮಂಥ ಓದಿನವರಿಗೆ ಜಾಸ್ತಿ ಹಾಗನಿಸುತ್ತದೆ. ಬೈದುಕೊಂಡೇ ಮೇಲೆ ಬಂದೆ ಅನ್ನುವ ನಂಬಿಕೆ ಇರುತ್ತದಲ್ಲ. ಆ ಬೈಗುಳದಿಂದ ಈಗ ಏನು ಸಿಗುತ್ತಿದೆ ಅಂತ ನೋಡಿ ಸಾಕು. ಹೆಂಡತಿಯ ಹತ್ತಿರ ‘ಇನ್ನು ಬದಲಾಗುತ್ತೇನೆ’ ಅಂತ ದೊಡ್ಡ ಮಾತು ಕೊಡಬೇಡಿ. ಸಾರಿಗೆ ಉಪ್ಪು ಕಡಿಮೆ ಆದ ದಿನ ಸುಮ್ಮನೆ ಉಪ್ಪು ಹಾಕಿಕೊಂಡು ಊಟ ಮಾಡಿ. ಅವರಿಗೆ ನಂಬಿಕೆ ಬರಲು ಸಮಯ ಹಿಡಿಯುತ್ತದೆ, ಹಿಡಿಯಲಿ.

ಮಗಳ ಬಗ್ಗೆ ನಿಮಗಿರುವ ಹೆದರಿಕೆ ಒಳ್ಳೆಯದೇ. ಅವಳಿಗೆ ಉಪದೇಶ ಬೇಕಿಲ್ಲ, ಅವಳು ನಿಮ್ಮನ್ನು ನೋಡುತ್ತಿದ್ದಾಳೆ. ಫಲಿತಾಂಶ ಬಂದ ದಿನ ಎಷ್ಟೇ ಬರಲಿ, ಮೊದಲು ಊಟಕ್ಕೆ ಕೂರಿಸಿ. ಪಕ್ಕದ ಮನೆಯವರಿಗೆ ಎಷ್ಟು ಬಂತು ಅಂತ ಆ ದಿನ ಕೇಳಬೇಡಿ. ಅವಳು ಹೇಗೆ ಓದಿದಳು, ಯಾವ ಪಾಠದಲ್ಲಿ ಕಷ್ಟಪಟ್ಟಳು ಅನ್ನುವುದನ್ನು ಮಾತಾಡಿ. ಒಳ್ಳೇ ಅಂಕ ಬಂದರೆ ಸಂಭ್ರಮಿಸಿ, ಸಿಹಿ ಹಂಚಿ. ಸನ್ಮಾನಕ್ಕೆ ಕರೆದರೆ ಹೋಗಿ ಬನ್ನಿ, ಆದರೆ ಮರುದಿನ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಲು ಅವಳನ್ನೂ ಕರೆದುಕೊಂಡು ಹೋಗಿ.

ಕೊನೆಯದಾಗಿ ಒಂದು ವೈದ್ಯಕೀಯ ಮಾತು. ಎರಡು ವರ್ಷದಿಂದ ಇಷ್ಟದ ಹವ್ಯಾಸ ಬಿಟ್ಟಿದ್ದೀರಿ, ಜನರಿಂದ ದೂರ ಇದ್ದೀರಿ, ಸಿಡುಕು ಇದೆ. ಇದರ ಜೊತೆಗೆ ಎರಡು ವಾರಕ್ಕೂ ಮೇಲೆ ದಿನದ ಬಹುಪಾಲು ಬೇಸರ, ಯಾವುದರಲ್ಲೂ ರುಚಿ ಇಲ್ಲದಿರುವುದು, ನಿದ್ದೆ-ಹಸಿವಿನಲ್ಲಿ ವ್ಯತ್ಯಾಸ, ಸುಸ್ತು, ಬದುಕಿ ಏನು ಅನ್ನುವ ಯೋಚನೆ ಇದ್ದರೆ ಅದು ಖಿನ್ನತೆ ಇರಬಹುದು. ಅದನ್ನು ಅಹಂಕಾರ ಅಂದುಕೊಂಡು ತನ್ನನ್ನೇ ಶಿಕ್ಷಿಸಿಕೊಳ್ಳುತ್ತ ಕೂರುವವರನ್ನು ನಾನು ಬಹಳ ನೋಡಿದ್ದೇನೆ. ಖಿನ್ನತೆಗೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಯೋಚನೆ ಬಂದರಂತೂ ಅದೇ ದಿನ ಕರೆ ಮಾಡಿ, ಮನೆಯವರಿಗೂ ಹೇಳಿ. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಅಂತ ವಿಚಾರಿಸಿ ಒಮ್ಮೆ ತೋರಿಸಿಕೊಳ್ಳಿ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ, ಅವುಗಳ ಏರುಪೇರಿನಿಂದಲೂ ಮನಸ್ಸು ಕುಗ್ಗುತ್ತದೆ. ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಹಾಯೆನಿಸಿತು ಅಂತ ಮಧ್ಯದಲ್ಲಿ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿಯೇ ನಿಲ್ಲಿಸಿ.